ಕನ್ನಡ ಅಕ್ಷರದ ತೆಲುಗು ನೋಟೀಸು

2014ರಲ್ಲಿ ಕೋಲಾರ ಜಿಲ್ಲೆಯ ಗಡಿಭಾಗದ ಒಂದು ಪಂಚಾಯಿತಿಗೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಆಗಿ ಹೋದೆ. ಅಲ್ಲಿ ಮನೆಮಾತು ಹೆಚ್ಚಾಗಿ ತೆಲುಗು, ಶಾಲೆ ಕನ್ನಡ, ಕಚೇರಿಯ ಕಾಗದ ಮಾತ್ರ ಮೂರನೆಯದೇ ಒಂದು ಭಾಷೆ. ‘ಅಕುಶಲ ದೈಹಿಕ ಕೆಲಸ ಇಚ್ಛಿಸುವವರು ನಮೂನೆ 6ರಲ್ಲಿ ಬೇಡಿಕೆ ಸಲ್ಲಿಸಿ ದಿನಾಂಕಿತ ಸ್ವೀಕೃತಿ ಪಡೆಯತಕ್ಕದ್ದು’ ಎಂದು ನಾನೇ ಬರೆದು ಅಂಟಿಸಿದ್ದೆ. ಒಂದು ಅರ್ಜಿಯೂ ಬರಲಿಲ್ಲ. ದೂರದೂರಿಗೆ ಕೂಲಿಗೆ ಹೋಗುವವರು ದಿನಾ ಆ ನೋಟೀಸಿನ ಮುಂದೆಯೇ ನಿಂತು ಬಸ್ಸು ಕಾಯುತ್ತಿದ್ದರು.

2005ರ ಉದ್ಯೋಗ ಖಾತರಿ ಕಾಯಿದೆಯ ಜೀವವಿದ್ದದ್ದು ಆ ಸ್ವೀಕೃತಿಯಲ್ಲಿ. ತಾರೀಖು ಬಿದ್ದರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು; ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು.

ತೆಲುಗಿನಲ್ಲಿ ಬರೆದರಾಯಿತು ಎಂದುಕೊಂಡೆ. ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ 15–20ರಷ್ಟಿರುವ ಕಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕೆಂಬ ಮಾತು 1956ರಿಂದಲೂ ಇದೆ. ಆಂಧ್ರದ ನೋಟೀಸನ್ನೇ ನಕಲು ಮಾಡಿಸಿದೆ. ಅದೂ ಎಡವಟ್ಟಾಯಿತು. ಕನ್ನಡ ಶಾಲೆಯಲ್ಲಿ ಕಲಿತ ಇವರಿಗೆ ತೆಲುಗು ಲಿಪಿ ಬಾರದು. ಓದಿ ಹೇಳಿದರೆ, ‘ಉಪಾಧಿ ಹಾಮೀ ಪಥಕಂ’ (ಉದ್ಯೋಗ ಖಾತರಿ ಯೋಜನೆ) ಎಂಬುದನ್ನು ಕೇಳಿದ ನಮ್ಮ ನೀರಗಂಟಿ, ‘ಬ್ಯಾಂಕಿನ ಸಾಲವೇ ಸಾರ್?’ ಎಂದ.

ಅವನನ್ನೇ ಗುರು ಮಾಡಿಕೊಂಡೆ. ಸಂಜೆ ಅರಳಿಕಟ್ಟೆಯಲ್ಲಿ ನಾನು ಕನ್ನಡದಲ್ಲಿ ವಿಷಯ ಹೇಳುವುದು, ಅವನು ಅದನ್ನು ಕುಳಿತವರಿಗೆ ತನ್ನ ಮಾತಿನಲ್ಲಿ ತಿಳಿಸುವುದು, ಅವನ ಬಾಯಿಂದ ಬಂದದ್ದನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು. ‘ಖಾತರಿ ಪನಿ ಕಾವಾಲಂಟೇ ಅರ್ಜಿ ಇವ್ವಂಡಿ, ತಾರೀಖು ವೇಸಿನ ರಸೀದಿ ಅಡಿಗಿ ತೀಸುಕೋಂಡಿ.’ ಖಾತರಿ ಕೆಲಸ ಬೇಕೆಂದರೆ ಅರ್ಜಿ ಕೊಡಿ, ತಾರೀಖು ಹಾಕಿದ ರಸೀದಿ ಕೇಳಿ ತೆಗೆದುಕೊಳ್ಳಿ ಎಂದು ಅದರ ಅರ್ಥ. ಪಂಡಿತರು ಒಪ್ಪುವ ತೆಲುಗಲ್ಲ, ಊರು ಒಪ್ಪಿತು. ಕನ್ನಡದ ಸಾಲನ್ನೂ ತಿದ್ದಿದೆ: ಸ್ವೀಕೃತಿ ಹೋಗಿ ರಸೀದಿ ಬಂತು. ಮನೆಯಲ್ಲಿ ಕನ್ನಡವನ್ನೇ ಆಡುವವರಿಗೂ ಅದು ಆಗಲೇ ತಿಳಿದದ್ದು!

ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು, ‘ಇದು ಯಾವ ಭಾಷೆ?’ ಎಂದು ಗದರಿದರು. ಕನ್ನಡವೆಂದರೆ ಸುಳ್ಳು, ತೆಲುಗೆಂದರೆ ಲಿಪಿ ಅದರದ್ದಲ್ಲ. ಆಡಳಿತ ಭಾಷೆಯ ಕಾಯಿದೆಗೂ ಸೇರದ, ಅಲ್ಪಸಂಖ್ಯಾತರ ನಿಯಮಕ್ಕೂ ಸೇರದ ಹಾಳೆ. ‘ಅಕ್ಷರ ಕನ್ನಡ ಸಾರ್’ ಎಂದೆ. ಕೀಳಿಸಿದರು. ಮಾರನೆಯ ದಿನ ಹಾಲಿನ ಡೈರಿಯ ಗೋಡೆಗೆ ಅಂಟಿಸಿದೆ. ಅದು ಸಹಕಾರ ಸಂಘದ ಗೋಡೆ, ಪಂಚಾಯಿತಿಯದಲ್ಲ.

ವಾರದೊಳಗೆ ಒಬ್ಬ ಅಜ್ಜಿ ಬಂದು, ಅರ್ಜಿ ಕೊಟ್ಟು, ‘ತಾರೀಖು ವೇಯಿ ನಾಯನಾ’ ಎಂದು ಮೇಜು ಬಿಟ್ಟು ಕದಲಲಿಲ್ಲ. ಹಾಕಿಕೊಟ್ಟೆ. ಕೆರೆ ಹೂಳೆತ್ತುವ ಅಂದಾಜು ಪಟ್ಟಿಗೆ ಇನ್ನೂ ಮಂಜೂರಾತಿ ಬಂದಿರಲಿಲ್ಲ. ಅಂದಿನಿಂದ ದಿನ ಎಣಿಸುವ ಸರದಿ ನನ್ನದಾಯಿತು.