ಬಂದರು ರಸ್ತೆ: ಮೊದಲು ಗೇಟು, ಆಮೇಲೆ ಪಥ

ಬಂದರಿಗೆ ರಸ್ತೆ ಎಂದ ಕೂಡಲೇ ನಾಲ್ಕು ಪಥವೋ ಆರು ಪಥವೋ ಎಂಬ ಚರ್ಚೆ ಶುರುವಾಗುತ್ತದೆ. ಇಂಥ ರಸ್ತೆ ಯೋಜಿಸುವ ನಾವು ಲೆಕ್ಕ ಆರಂಭಿಸುವುದು ಬಂದರಿನ ಗೇಟಿನಿಂದ. ಕಾಗದಪತ್ರ, ಸೀಲು, ತೂಕ ನೋಡಿ ಒಂದು ಲಾರಿಯನ್ನು ಒಳಬಿಡಲು ಮೂರು ನಿಮಿಷ ಹಿಡಿದರೆ ಒಂದು ಗೇಟಿನಲ್ಲಿ ಗಂಟೆಗೆ 20 ಲಾರಿ ದಾಟುತ್ತವೆ, ನಾಲ್ಕು ಗೇಟಿನಲ್ಲಿ 80. ಗಂಟೆಗೆ 100 ಬಂದರೆ 20 ಹೊರಗೇ ಉಳಿದವು. ಟ್ರೇಲರಿನ ಉದ್ದಕ್ಕೆ ನಡುವಿನ ಜಾಗ ಸೇರಿಸಿ ತಲಾ 20 ಮೀಟರ್ ಹಿಡಿಯಿರಿ: ಗಂಟೆಗೆ 400 ಮೀಟರಿನಂತೆ ಸಾಲು ಬೆಳೆಯುತ್ತದೆ. ಹಿಂದಿನ ಐವತ್ತು ಕಿಲೋಮೀಟರ್ ಎಷ್ಟೇ ಅಗಲವಾದರೂ ಈ ಸಾಲು ಕರಗದು. ಹಾಗಾಗಿ ಹಣದ ಮೊದಲ ಪಾಲು ಗೇಟಿನ ಹೊರಗಿನ ಲಾರಿ ನಿಲ್ದಾಣಕ್ಕೆ. ಅದರ ಅಳತೆಗೆ ದಿನದ ಸರಾಸರಿ ಹಿಡಿದರೆ ಸಾಲದು, ಹಡಗು ಬಂದ ದಿನದ ಅತಿ ಹೆಚ್ಚು ದಟ್ಟಣೆಯ ಗಂಟೆಯನ್ನೇ ಹಿಡಿಯಬೇಕು. ನೀರು, ನೆರಳು, ಶೌಚಾಲಯ ಇಲ್ಲದ ಕಡೆ ಚಾಲಕರು ನಿಲ್ಲುವುದಿಲ್ಲ, ನಿಲ್ಲಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ವಾಹನ ಗಣತಿಯನ್ನು ಏಳು ದಿನ, ಹಗಲು ರಾತ್ರಿ ಮಾಡಿಸುತ್ತೇವೆ. ಜೊತೆಗೆ ಆಕ್ಸಲ್ ತೂಕ (ಚಕ್ರಗಳ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ), ಅದೂ ಹೋಗುವ ದಿಕ್ಕಿನದು ಬೇರೆ, ಬರುವ ದಿಕ್ಕಿನದು ಬೇರೆ. ಅದಿರೋ ಕಲ್ಲಿದ್ದಲೋ ಸಾಗುವ ರಸ್ತೆಯಲ್ಲಿ ಒಂದು ಬದಿ ತುಂಬಿದ ಲಾರಿ, ಇನ್ನೊಂದು ಬದಿ ಖಾಲಿ ಲಾರಿ. ಎರಡೂ ಬದಿಗೆ ಒಂದೇ ದಪ್ಪ ಹಾಕಿದರೆ ಒಂದು ಕಡೆ ದುಡ್ಡು ದಂಡ, ಇಲ್ಲವೇ ಇನ್ನೊಂದು ಕಡೆ ರಸ್ತೆ ಹಾಳು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ಆಶೋ (ಅಲ್ಲಿನ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪರೀಕ್ಷೆಯಿಂದ ಬಂದ ನಿಯಮದಂತೆ ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಏರುತ್ತದೆ. ಭಾರ ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು, ಎರಡು ಪಟ್ಟಾದರೆ ಹದಿನಾರು ಪಟ್ಟು. ಓವರ್‌ಲೋಡನ್ನು ಬಂದರಿನ ಗೇಟಿನಲ್ಲಿ ಹಿಡಿದು ಫಲವಿಲ್ಲ, ಅಷ್ಟರಲ್ಲಿ ರಸ್ತೆ ಪೆಟ್ಟು ತಿಂದಾಗಿರುತ್ತದೆ. ವೇಬ್ರಿಜ್ ಲೋಡ್ ಮಾಡುವ ಜಾಗದಲ್ಲೇ ಇರಬೇಕು.

ಗೇಟಿನ ಮುಂದೆ, ನಿಲ್ದಾಣದಲ್ಲಿ ಡಾಂಬರು ಬೇಡ, ಕಾಂಕ್ರೀಟೇ ಆಗಬೇಕು. ನಿಂತ ಭಾರಕ್ಕೆ ಬಿಸಿಲಲ್ಲಿ ಡಾಂಬರು ಜಗ್ಗಿ ಚಕ್ರದ ಜಾಡು ಬೀಳುತ್ತದೆ. ಸೋರಿದ ಡೀಸೆಲ್ ಅದನ್ನು ಕರಗಿಸುತ್ತದೆ.

ಹೆಚ್ಚು ಯೋಜನೆಗಳು ಕೆಡುವುದು ನೆಲದಲ್ಲಿ. ಕರಾವಳಿಯ ಮೆತ್ತನೆ ಜೇಡಿಯ ಮೇಲೆ ರಸ್ತೆಗಾಗಿ ಮಣ್ಣಿನ ಏರಿ ಹಾಕಿದರೆ ಮಣ್ಣಿನೊಳಗಿನ ನೀರು ನಿಧಾನಕ್ಕೆ ಹೊರಬರುತ್ತಾ ವರ್ಷಗಟ್ಟಲೆ ಕುಸಿಯುತ್ತದೆ. ಅದಕ್ಕೆ ಸುಮಾರು 10 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಬಸಿ ಪಟ್ಟಿಗಳನ್ನು ಒಂದರಿಂದ ಒಂದೂವರೆ ಮೀಟರ್ ಅಂತರದಲ್ಲಿ, ತ್ರಿಕೋನದ ಮಾದರಿಯಲ್ಲಿ, ಜೇಡಿಯ ತಳದವರೆಗೆ ಇಳಿಸುತ್ತೇವೆ. ಬಸಿದ ನೀರು ಬದಿಗೆ ಹರಿಯಲು ಮೇಲೆ ಮರಳಿನ ಹಾಸು. ಆಮೇಲೆ ಮಣ್ಣನ್ನು ಹಂತಹಂತವಾಗಿ ಏರಿಸುತ್ತೇವೆ. ಅವಸರ ಮಾಡಿದರೆ ಅಡಿಯ ಜೇಡಿ ಪಕ್ಕಕ್ಕೆ ಜಾರಿ ಏರಿಯೇ ಕುಸಿಯುತ್ತದೆ. ಕೊನೆಯ ಮಟ್ಟಕ್ಕಿಂತ ಹೆಚ್ಚೇ ಮಣ್ಣು ಹೇರಿ, ಕುಸಿತ ಅಳೆಯುವ ತಟ್ಟೆಗಳನ್ನು ತಪ್ಪದೆ ಓದಿ, ನಿರೀಕ್ಷಿತ ಕುಸಿತದ ಸುಮಾರು 90% ಮುಗಿದ ಮೇಲಷ್ಟೇ ಹೆಚ್ಚುವರಿ ಮಣ್ಣು ತೆಗೆಯುವುದು. ಉದ್ಘಾಟನೆಯ ತಾರೀಕಿಗೆ ಈ ಕಾಯುವಿಕೆಯನ್ನು ಕತ್ತರಿಸಿದ ಕಡೆಯಲ್ಲೆಲ್ಲ ಸೇತುವೆ ಬಾಯಲ್ಲಿ ಮೆಟ್ಟಿಲು ಬಿದ್ದಿರುತ್ತದೆ: ಸೇತುವೆ ಪೈಲ್ (ನೆಲದಾಳಕ್ಕೆ ಇಳಿಸಿದ ಕಂಬ) ಮೇಲೆ ಅಲುಗದೆ ನಿಂತಿರುತ್ತದೆ, ಏರಿ ಮಾತ್ರ ಇಳಿಯುತ್ತದೆ.

ಮೋರಿಗಳ ಲೆಕ್ಕವನ್ನು ಉಬ್ಬರ ಮತ್ತು ಜೋರು ಮಳೆ ಒಟ್ಟಿಗೆ ಬಂದ ಸ್ಥಿತಿಗೇ ಹಾಕಬೇಕು. ಇಲ್ಲವಾದರೆ ಮೇಲ್ಬದಿಯ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ, ನಷ್ಟ ರೈತರ ತಲೆಗೆ.

ಪ್ರಾದೇಶಿಕ ಲಾಭವನ್ನು ನಾವು ಲಾರಿಯ ಟ್ರಿಪ್‌ಗಳಲ್ಲಿ ಅಳೆಯುತ್ತೇವೆ. ದಿನಕ್ಕೆ ಒಂದು ಟ್ರಿಪ್ ಹೊಡೆಯುತ್ತಿದ್ದ ಲಾರಿ ಎರಡು ಹೊಡೆದರೆ ಅದೇ ಸಾಲದ ಕಂತು, ಅದೇ ವಿಮೆ ಎರಡು ಲೋಡಿಗೆ ಹಂಚಿಹೋಗಿ ಬಾಡಿಗೆ ಇಳಿಯಲು ಜಾಗ ಸಿಗುತ್ತದೆ. ಈ ಉಳಿತಾಯದ ಮೇಲೆ ಜಮೀನಿನ ಬೆಲೆ ಏರಿಕೆಯನ್ನೂ ಸೇರಿಸಿ ತೋರಿಸುವ ವರದಿಗಳನ್ನು ಒಪ್ಪಬಾರದು, ಅದೇ ಲಾಭವನ್ನು ಎರಡು ಸಲ ಎಣಿಸಿದಂತೆ. ಬರ್ತ್ (ಬಂದರಿನಲ್ಲಿ ಹಡಗು ನಿಲ್ಲುವ ಕಟ್ಟೆ) ವಿಸ್ತರಣೆಯ ವೇಳಾಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಜಾಗವನ್ನು ಪೂರ್ತಿ ಅಗಲಕ್ಕೆ, ಸರ್ವಿಸ್ ರಸ್ತೆ ಮತ್ತು ಊರವರ ಕೆಳಸೇತುವೆ ಸಹಿತ ಮೊದಲೇ ಪಡೆದು, ಹೆಚ್ಚುವರಿ ಪಥಗಳನ್ನು ಬರ್ತ್ ಸಿದ್ಧವಾಗುವ ಹೊತ್ತಿಗೆ ಹಾಕುತ್ತೇವೆ.