ವೀಲ್‌ಚೇರ್ ಓಡಿಸೋದು ಕಲಿಸೋರು ಎಲ್ಲಿ ನಿಲ್ಬೇಕು, ಏನ್ ಹಿಡ್ಕೋಬೇಕು

ಚೇರಿನ ಹಿಂದಿನ ಹಿಡಿ ಕಂಡ ತಕ್ಷಣ ಕೈ ಹಾಕಿ ತಳ್ಳೋ ಅಭ್ಯಾಸ ಮೊದ್ಲು ಬಿಡಿ. ಬೆನ್ನುಹುರಿಗೆ ಪೆಟ್ಟು ಬಿದ್ದಿರೋ ಎಷ್ಟೋ ಜನಕ್ಕೆ ಸೊಂಟ-ಹೊಟ್ಟೆ ಮೇಲೆ ಹಿಡಿತ ಇರಲ್ಲ, ಹೇಳದೆ ಕೇಳದೆ ಚೇರ್ ಎಳೆದ್ರೆ ಮುಗ್ಗರಿಸಿಬಿಡ್ತಾರೆ. ಓಡಿಸೋದು ಅವರ ಕೆಲಸ, ಬೀಳದ ಹಾಗೆ ಕಾಯೋದು ನಿಮ್ಮದು. ಫಿಸಿಯೋ ಸರಿ ಅಂದ ಮೇಲೇನೇ ಶುರು ಮಾಡಿ.

ಸಪಾಟು ನೆಲದಲ್ಲಿ ಚಿಕ್ಕ ಚಿಕ್ಕದಾಗಿ ಟಕಟಕ ಅಂತ ತಳ್ಳೋದು ಬೇಡ, ಭುಜ ಹಾಳಾಗುತ್ತೆ. ಉದ್ದಕ್ಕೆ ಒಂದ್ಸಲ ತಳ್ಳಿ ಬಿಟ್ಟು, ಕೈನ ರಿಮ್‌ಗಿಂತ (ದೊಡ್ಡ ಚಕ್ರದ ಪಕ್ಕದಲ್ಲಿ ಕೈಯಿಂದ ತಳ್ಳೋಕೆ ಇರೋ ಬಳೆ) ಕೆಳಗಿಂದ ವಾಪಸ್ ತರ್ಬೇಕು. ಏರಲ್ಲಿ ಮೈ ಮುಂದಕ್ಕೆ ಬಾಗಿಸ್ಬೇಕು, ಇಳಿಜಾರಲ್ಲಿ ಹಿಂದಕ್ಕೆ ಒರಗಿ ರಿಮ್ ಅಂಗೈಲಿ ನಿಧಾನಕ್ಕೆ ಜಾರೋಕೆ ಬಿಡ್ಬೇಕು, ಅಂಗೈ ಸ್ಪರ್ಶ ಇಲ್ಲದವರಿಗೆ ಗ್ಲೌಸ್ ಕಡ್ಡಾಯ, ಚರ್ಮ ಸುಟ್ರೂ ಗೊತ್ತಾಗಲ್ಲ.

ಈಗ ವೀಲಿ, ಅಂದ್ರೆ ಮುಂದಿನ ಪುಟ್ಟ ಚಕ್ರ ಎತ್ತಿ ಹಿಂದಿನ ಎರಡರ ಮೇಲೆ ನಿಲ್ಲೋದು. ಸ್ಟಂಟ್ ಅನ್ಕೋಬೇಡಿ, ಹೊಸ್ತಿಲು, ಗುಂಡಿ, ಫುಟ್‌ಪಾತ್ ಅಂಚು ದಾಟೋಕೆ ಇದೇ ಬೇಕು. ಹಿಂದೆ ಬೀಳದ ಹಾಗೆ ಹಾಕಿರೋ ಸಣ್ಣ ಚಕ್ರ ಇದ್ರೆ ಮೇಲೆತ್ತಿ, ಚೇರ್ ಫ್ರೇಮಿಗೆ ಗಟ್ಟಿ ಸ್ಟ್ರಾಪ್ ಕಟ್ಟಿ. ನೀವು ಹಿಂದೆ ನಿಂತು ಒಂದ್ ಕೈಲಿ ಸ್ಟ್ರಾಪ್ ಹಿಡೀರಿ, ಇನ್ನೊಂದ್ ಕೈ ಅವರ ಭುಜದ ಮುಂದೆ ಇರ್ಲಿ, ಆದ್ರೆ ತಾಗಿಸ್ಬೇಡಿ. ಸ್ಟ್ರಾಪ್ ಸ್ವಲ್ಪ ಸಡಿಲ ಇರ್ಬೇಕು, ಬಿಗಿಯಾಗಿ ಎಳ್ಕೊಂಡ್ರೆ ಬ್ಯಾಲೆನ್ಸ್ ಮಾಡ್ತಿರೋದು ನೀವು, ಅವರು ಏನೂ ಕಲಿಯಲ್ಲ (ಹೊಸದಾಗಿ ಕಲಿಸೋರೆಲ್ಲ ಹೆದರ್ಕೊಂಡು ಹೀಗೇ ಮಾಡೋದು). ಚಕ್ರ ಸ್ವಲ್ಪ ಹಿಂದಕ್ಕೆ ತಂದು ಜೋರಾಗಿ ಮುಂದಕ್ಕೆ ತಳ್ಳಿದ್ರೆ ಮುಂಭಾಗ ಏಳುತ್ತೆ. ಹಿಂದೆ ಬೀಳ್ತೀನಿ ಅನ್ಸಿದ್ರೆ ಚಕ್ರ ಹಿಂದಕ್ಕೆ ಎಳೀಬೇಕು, ಮುಂಭಾಗ ಕೆಳಗಿಳಿಯುತ್ತೆ. ಗಾಬರೀಲಿ ಎಲ್ರೂ ರಿಮ್ ಬಿಟ್ಟೇ ಬಿಡ್ತಾರೆ, ಅದಕ್ಕೇ ಇದನ್ನ ಹತ್ತಾರು ಸಲ ಮಾಡಿಸಿ. ಬಿದ್ದೇ ಬಿಟ್ರೆ ಗದ್ದ ಎದೆಗೆ ಒತ್ಕೊಂಡು ಒಂದ್ ಕೈ ಮೊಣಕಾಲಿಗೆ ಅಡ್ಡ ಇಡ್ಬೇಕು, ಇಲ್ಲಾಂದ್ರೆ ಮೊಣಕಾಲು ಮುಖಕ್ಕೇ ಬಂದು ಬಡಿಯುತ್ತೆ.

ಪ್ರಾಕ್ಟೀಸ್ ಜೋಶಲ್ಲಿ ಟೈಮ್ ಮರೀಬೇಡಿ. 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಗ್ಗಿಸಿ ಸುಮಾರು 2 ನಿಮಿಷ ಕೂರಿಸಿ, ಒಂದೇ ಕಡೆ ಒತ್ತಿ ಕೂತು ಒತ್ತುಗಾಯ ಆಗ್ತಿರೋದು ಅವರಿಗೆ ತಿಳಿಯಲ್ಲ. ಎದೆಮಟ್ಟ ಅಥವಾ ಕತ್ತಿನ ಭಾಗದಲ್ಲಿ ಪೆಟ್ಟಾದವರಿಗೆ (ಟಿ6, ಅಂದ್ರೆ ಬೆನ್ನುಹುರಿಯ ಎದೆ ಭಾಗದ ಆರನೇ ಮಟ್ಟ, ಮತ್ತು ಅದಕ್ಕಿಂತ ಮೇಲೆ) ಇದ್ದಕ್ಕಿದ್ದಂಗೆ ತಲೆ ಸಿಡಿದು, ಮುಖ ಕೆಂಪಾಗಿ ಬೆವತ್ರೆ ಅದು ಸುಸ್ತಲ್ಲ, ಬಿಪಿ ಏರ್ತಿದೆ. ಮಲಗಿಸ್ಬೇಡಿ, ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ-ಬೆಲ್ಟ್ ಸಡಿಲಿಸಿ, ಮೂತ್ರದ ಪೈಪ್ ಮಡಚ್ಕೊಂಡಿದ್ಯಾ ನೋಡಿ. ಆದ್ರೂ ಕಮ್ಮಿ ಆಗ್ಲಿಲ್ವಾ, ಸೀದಾ ಆಸ್ಪತ್ರೆಗೆ.