ಕ್ಯಾಮರೋ ಟಿಪಿಐ ಎಂಜಿನ್ನಿನ ವಿಇ ಟೇಬಲ್ ಸರಿಪಡಿಸಿದ ಬಗೆ

ಗಾಡಿ 1991ರ ಶೆವರ್ಲೆ ಕ್ಯಾಮರೋ. 5.7 ಲೀಟರಿನ ವಿ8 ಎಂಜಿನ್ನು, ಟ್ಯೂನ್ಡ್ ಪೋರ್ಟ್ ಇಂಜೆಕ್ಷನ್, ಅಂದರೆ ಟಿಪಿಐ. 1989ರವರೆಗಿನ ಟಿಪಿಐ ಕ್ಯಾಮರೋಗಳಲ್ಲಿ ಒಳಹೋಗುವ ಗಾಳಿಯನ್ನು ಮಾಫ್ (ಮಾಸ್ ಏರ್ ಫ್ಲೋ) ಸೆನ್ಸರ್ ನೇರವಾಗಿ ಅಳೆಯುತ್ತಿತ್ತು. 1990ರಿಂದ 92ರ ಗಾಡಿಗಳಲ್ಲಿ ಆ ಸೆನ್ಸರ್ ಇಲ್ಲ. ಇವುಗಳ 1227730 ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒತ್ತಡ, ಗಾಳಿಯ ಬಿಸಿ, ಆರ್‌ಪಿಎಂ ನೋಡಿ ಗಾಳಿ ಎಷ್ಟಿದೆ ಅಂತ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಆಧಾರ ವಿಇ (ವಾಲ್ಯುಮೆಟ್ರಿಕ್ ಎಫಿಶಿಯನ್ಸಿ) ಟೇಬಲ್: ಇಷ್ಟು ಒತ್ತಡ, ಇಷ್ಟು ಆರ್‌ಪಿಎಂ ಇದ್ದಾಗ ಸಿಲಿಂಡರ್ ನೂರಕ್ಕೆ ಎಷ್ಟು ಪಾಲು ತುಂಬುತ್ತದೆ ಎಂಬ ಪಟ್ಟಿ. ಕಾರ್ಖಾನೆಯ ಪಟ್ಟಿ ಕಾರ್ಖಾನೆಯ ಎಂಜಿನ್ನಿಗೆ ಸರಿ. ನಾನು ಹೆಡರ್ (ಎಕ್ಸಾಸ್ಟಿನ ಬಿಡಿಬಿಡಿ ಕೊಳವೆಗಳು) ಹಾಕಿ, ವಾಲ್ವ್ ತೆರೆಯುವ, ಕ್ಯಾಮ್‌ಶಾಫ್ಟ್ ಬದಲಿಸಿದ ಮೇಲೆ ಆ ಪಟ್ಟಿಗೂ ಎಂಜಿನ್ನಿಗೂ ತಾಳೆಯಾಗಲಿಲ್ಲ.

ಲ್ಯಾಪ್‌ಟಾಪ್ ತೆರೆಯುವ ಮೊದಲು ನಾನು ಸ್ಪ್ಯಾನರ್ ಹಿಡಿಯುತ್ತೇನೆ. ಪೆಟ್ರೋಲ್ ಒತ್ತಡ ಕಡಿಮೆ ಇದ್ದರೆ ಇಡೀ ಟೇಬಲ್ ಲೀನ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ) ಅಂತಲೇ ಕಾಣುತ್ತದೆ. ಅದನ್ನು ಟೇಬಲ್‌ನಲ್ಲಿ ತಿದ್ದಿದರೆ, ಮುಂದೆ ಪಂಪ್ ಬದಲಿಸಿದ ದಿನ ಎಲ್ಲ ಕೆಲಸ ಮತ್ತೆ ಮೊದಲಿಂದ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿದಾಗ ಗೇಜಿನಲ್ಲಿ 43 ಪಿಎಸ್‌ಐ ಆಸುಪಾಸು ಬರಬೇಕು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ಕಾಯಿಲ್ ಒಂದೊಂದಾಗಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಆ ಕಾಲದ ಮೂಲ ಮಲ್ಟೆಕ್ ಇಂಜೆಕ್ಟರುಗಳಲ್ಲಿ ಎಥನಾಲ್ ಬೆರೆತ ಪೆಟ್ರೋಲಿನಿಂದ ಕಾಯಿಲ್ ಒಳಗೇ ಶಾರ್ಟ್ ಆಗುತ್ತದೆ. 16 ಓಮ್ ಹತ್ತಿರ ಇರಬೇಕಾದದ್ದು 12ಕ್ಕಿಂತ ಕೆಳಗೆ ತೋರಿಸಿದರೆ ಅದನ್ನು ನಂಬಬೇಡಿ. ಬಿಸಿ ಎಂಜಿನ್ನಿನಲ್ಲೂ ಒಮ್ಮೆ ಅಳೆಯಿರಿ, ತಣ್ಣಗಿದ್ದಾಗ ಸರಿಯಿದ್ದು ಬಿಸಿಯಲ್ಲಿ ಕೈಕೊಡುವವು ಬಹಳ. ಬೇಸ್ ಟೈಮಿಂಗ್ (ಇಸಿಎಂ ಕೈ ಹಾಕದಿದ್ದಾಗ ಕಿಡಿ ಹಾರುವ ಹೊತ್ತು) 6 ಡಿಗ್ರಿ. ನೋಡುವಾಗ ಕಪ್ಪು ಗೆರೆಯ ತಿಳಿಗಂದು ತಂತಿಯ ಒಂಟಿ ಕನೆಕ್ಟರ್ ಬಿಚ್ಚಿರಬೇಕು. ಐಡಲ್‌ನಲ್ಲಿ (ಕಾಲು ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಟಿಪಿಎಸ್, ಅಂದರೆ ಥ್ರಾಟಲ್ ಎಷ್ಟು ತೆರೆದಿದೆ ಎನ್ನುವ ಸೆನ್ಸರ್, 0.54 ವೋಲ್ಟ್.

ಎಲ್ಲಕ್ಕಿಂತ ಮುಖ್ಯ, ಆಕ್ಸಿಜನ್ ಸೆನ್ಸರಿಗೆ ಮುಂಚೆ ಎಕ್ಸಾಸ್ಟ್ ಎಲ್ಲೂ ಸೋರಬಾರದು. ಹೆಡರ್ ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ‘ಲೀನ್’ ಅನ್ನುತ್ತದೆ, ಇಸಿಎಂ ಪೆಟ್ರೋಲ್ ಸುರಿಯುತ್ತದೆ, ನೀವೂ ಅದನ್ನೇ ನಂಬಿ ಟೇಬಲ್ ಏರಿಸುತ್ತೀರಿ. ಪ್ಲಗ್‌ಗಳು ಮಸಿ ಹಿಡಿದ ಮೇಲೆಯೇ ಗೊತ್ತಾಗುವುದು.

ಚಿಪ್ ವಿಚಾರ. ಈ ಇಸಿಎಂನ ಪ್ರೋಗ್ರಾಂ ಮೆಮ್‌ಕ್ಯಾಲ್ ಎಂಬ ಸಣ್ಣ ಬೋರ್ಡಿನ ಮೇಲಿನ 27ಸಿ256 ಚಿಪ್ಪಿನಲ್ಲಿದೆ, 32 ಕಿಲೋಬೈಟ್. ಮೆಮ್‌ಕ್ಯಾಲನ್ನು ಎಸೆಯುವಂತಿಲ್ಲ, ನಾಕ್ (ಎಂಜಿನ್ನಿನೊಳಗಿನ ಬಡಿತ) ಸೆನ್ಸರಿನ ಫಿಲ್ಟರೂ ಲಿಂಪ್ ಹೋಂ (ಏನಾದರೂ ಕೆಟ್ಟಾಗ ಹೇಗೋ ಮನೆ ಸೇರಿಸುವ ವ್ಯವಸ್ಥೆ) ರೆಸಿಸ್ಟರುಗಳೂ ಅದರಲ್ಲೇ ಇವೆ. ಅದಕ್ಕೆ ಅಡಾಪ್ಟರ್ ಕೂರಿಸಿ, ಎಸ್‌ಎಸ್‌ಟಿ 27ಎಸ್‌ಎಫ್512 ಫ್ಲ್ಯಾಶ್ ಚಿಪ್ ಬಳಸುತ್ತೇನೆ. ಇದಕ್ಕೆ ಅಳಿಸಲು ಯುವಿ ದೀಪ ಬೇಡ. ಇಲ್ಲಿ ಬಹಳ ಜನ ಎಡವುತ್ತಾರೆ: 512ರ ಒಂದನೇ ಪಿನ್ ಎ15 ವಿಳಾಸದ್ದು, 256ರಲ್ಲಿ ಅದೇ ಜಾಗ ವಿಪಿಪಿ (ಚಿಪ್ ಬರೆಯುವಾಗ ಬೇಕಾದ ವೋಲ್ಟೇಜಿನದು), ಇಸಿಎಂ ಅದಕ್ಕೆ ಸದಾ 5 ವೋಲ್ಟ್ ಕೊಡುತ್ತದೆ. ಹಾಗಾಗಿ ಇಸಿಎಂ ಓದುವುದು ಚಿಪ್ಪಿನ ಮೇಲರ್ಧ ಮಾತ್ರ. ಫೈಲನ್ನು ಹೆಕ್ಸ್ ಎಣಿಕೆಯ 8000ರಿಂದ ಎಫ್‌ಎಫ್‌ಎಫ್‌ಎಫ್‌ವರೆಗಿನ ಜಾಗದಲ್ಲಿ ಬರೆಯಬೇಕು. ಸೊನ್ನೆಯಿಂದ ಬರೆದರೆ ಚೆಕ್ ಎಂಜಿನ್ ದೀಪ ಉರಿದು ಗಾಡಿ ಲಿಂಪ್ ಹೋಂಗೆ ಹೋಗುತ್ತದೆ.

ಡೇಟಾ ಲಾಗ್‌ಗೆ ಡ್ಯಾಶ್‌ಬೋರ್ಡಿನ ಕೆಳಗಿನ 12 ಪಿನ್ನಿನ ಎಎಲ್‌ಡಿಎಲ್ ಕನೆಕ್ಟರಿನಿಂದ 8192 ಬಾಡ್ ಕೇಬಲ್, ಟ್ಯೂನರ್‌ಪ್ರೊ, ಎಂಬ ಸಾಫ್ಟ್‌ವೇರ್, ಈ ಇಸಿಎಂನ ಪ್ರೋಗ್ರಾಂ ಆದ $8ಡಿಗೆ ಹೊಂದುವ ಡೆಫಿನಿಷನ್ ಫೈಲ್. ಆಕ್ಸಿಜನ್ ಸೆನ್ಸರ್ ನೋಡಿ ಇಸಿಎಂ ಪೆಟ್ರೋಲನ್ನು ಎಷ್ಟು ತಿದ್ದುತ್ತಿದೆ ಎಂದು ಹೇಳುವ, ನೋಡಬೇಕಾದ ಸಂಖ್ಯೆ ಎರಡು: ನಿಧಾನ ಕಲಿಯುವ ಬಿಎಲ್‌ಎಂ, ಕ್ಷಣಕ್ಷಣ ಬದಲಾಗುವ ಇಂಟಿಗ್ರೇಟರ್. ಎರಡಕ್ಕೂ 128 ಅಂದರೆ ತಿದ್ದುಪಡಿ ಬೇಡ. ಅದಕ್ಕಿಂತ ಹೆಚ್ಚಿದ್ದರೆ ಇಸಿಎಂ ಪೆಟ್ರೋಲ್ ಸೇರಿಸುತ್ತಿದೆ, ಕಡಿಮೆ ಇದ್ದರೆ ತೆಗೆಯುತ್ತಿದೆ. ಹೊಸ ವಿಇ = ಹಳೆ ವಿಇ × (ಬಿಎಲ್‌ಎಂ / 128) × (ಇಂಟಿಗ್ರೇಟರ್ / 128). 2000 ಆರ್‌ಪಿಎಂ, 50 ಕೆಪಿಎ (ಕಿಲೋಪಾಸ್ಕಲ್) ಮನೆಯಲ್ಲಿ, ಅಂದರೆ ಟೇಬಲ್‌ನ ಆ ಚೌಕದಲ್ಲಿ, 58.6 ಇತ್ತು, ಬಿಎಲ್‌ಎಂ 136, ಇಂಟಿಗ್ರೇಟರ್ 129. ಲೆಕ್ಕ 62.7 ಎನ್ನುತ್ತದೆ. ಟೇಬಲ್‌ನ ಒಂದು ಹೆಜ್ಜೆ 0.39 ಆದ್ದರಿಂದ ಕೂರುವುದು 62.9. ದಶಮಾಂಶಕ್ಕೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಲಾಗ್‌ನಲ್ಲಿ ಯಾವ ಸಾಲು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂಬುದರಲ್ಲೇ ಮುಕ್ಕಾಲು ಕೆಲಸ. ಕೂಲೆಂಟ್ 80 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು, ಕ್ಲೋಸ್ಡ್ ಲೂಪ್ (ಆಕ್ಸಿಜನ್ ಸೆನ್ಸರ್ ನೋಡಿ ಇಸಿಎಂ ತಿದ್ದುವ ಸ್ಥಿತಿ) ಇರಬೇಕು, ಎಕ್ಸಿಲರೇಟರ್ ಅಲುಗದೆ ಕೆಲವು ಸೆಕೆಂಡಾದರೂ ನಿಂತಿರಬೇಕು. ಕಾಲು ತೆಗೆದು ಗಾಡಿ ಉರುಳುವಾಗ ಪೆಟ್ರೋಲ್ ಕಟ್ ಆಗುತ್ತದೆ, ಆ ಸಾಲುಗಳು ಬೇಡ. ಚಾರ್ಕೋಲ್ ಡಬ್ಬಿಯ ಪರ್ಜ್ ಪೈಪನ್ನು ಲಾಗ್ ಮಾಡುವಷ್ಟು ಹೊತ್ತು ಮುಚ್ಚಿಬಿಡಿ, ಟ್ಯಾಂಕಿನ ಆವಿ ಒಳಬಂದರೆ ಬಿಎಲ್‌ಎಂ ಸುಮ್ಮನೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಮರೆಯದೆ ಜೋಡಿಸಿ. ಇನ್ನೊಂದು, ಗಾಳಿಯ ಬಿಸಿ ಅಳೆಯುವ ಮ್ಯಾಟ್ ಸೆನ್ಸರ್ ಪ್ಲೀನಮ್ಮಿನ (ಮ್ಯಾನಿಫೋಲ್ಡಿನ ಮೇಲಿನ ಗಾಳಿ ಪೆಟ್ಟಿಗೆಯ) ಕೆಳಗಿದೆ. ಬಿಸಿ ಗಾಡಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಅದು ಗಾಳಿಯದ್ದಲ್ಲ, ಲೋಹದ ಬಿಸಿ ಹೇಳುತ್ತದೆ. ಇಸಿಎಂ ಗಾಳಿ ತೆಳುವಾಗಿದೆ ಅಂದುಕೊಂಡು ಪೆಟ್ರೋಲ್ ಕಡಿಮೆ ಮಾಡುತ್ತದೆ. ಹಾಗೆ ಸ್ಟಾರ್ಟ್ ಮಾಡಿದ ಮೊದಲ ಹತ್ತು ನಿಮಿಷದ ಲಾಗ್ ನಾನು ಅಳಿಸಿಬಿಡುತ್ತೇನೆ.

ಅಮೆರಿಕದ ಬಂಕುಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್ ಇರುತ್ತದೆ. ಅದಕ್ಕೆ ಗಾಳಿ-ಪೆಟ್ರೋಲಿನ ಸರಿಯಾದ ಅನುಪಾತ ಸುಮಾರು 14.1, ಚಿಪ್ಪಿನಲ್ಲಿರುವುದು 14.7. ಹಾಗಾಗಿ ಎಲ್ಲ ಸರಿಯಿದ್ದರೂ ಬಿಎಲ್‌ಎಂ 133 ಹತ್ತಿರ ನಿಲ್ಲುತ್ತದೆ. ಎಲ್ಲ ಮನೆಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅದು ವಿಇ ತಪ್ಪಲ್ಲ. ಪೆಟ್ರೋಲ್, ಒತ್ತಡ, ಇಂಜೆಕ್ಟರ್ ಕಾನ್‌ಸ್ಟಂಟ್, ಈ ಮೂರನ್ನು ನೋಡಿ. ಕಾನ್‌ಸ್ಟಂಟ್ ಅಂದರೆ ಇಂಜೆಕ್ಟರ್ ಎಷ್ಟು ಹರಿಸುತ್ತದೆ ಎಂದು ಇಸಿಎಂಗೆ ಹೇಳುವ ಸಂಖ್ಯೆ. ಇಂಜೆಕ್ಟರ್ ಬದಲಿಸಿದವರು ತಿದ್ದಬೇಕಾದದ್ದು ಕಾನ್‌ಸ್ಟಂಟ್ ಮತ್ತು ವೋಲ್ಟೇಜ್ ಆಫ್‌ಸೆಟ್ (ಬ್ಯಾಟರಿ ವೋಲ್ಟೇಜಿಗೆ ತಕ್ಕಂತೆ ಇಂಜೆಕ್ಟರ್ ತೆರೆಯುವ ತಡ), ಟೇಬಲ್ ಅಲ್ಲ.

ಗಾಡಿ ಓಡಿಸುವಾಗ ಎಲ್ಲ ಮನೆಗಳಿಗೂ ಹೋಗಲಾಗದು. ತಿದ್ದಿದ ಮನೆ 4 ಮೇಲೇರಿ, ಮುಟ್ಟದ ಪಕ್ಕದ ಮನೆ ಹಾಗೇ ಉಳಿದರೆ ಅಲ್ಲೊಂದು ಗುಡ್ಡ ಏಳುತ್ತದೆ. ಆ ಗಡಿ ದಾಟುವಾಗ ಗಾಡಿ ಜಗ್ಗುತ್ತದೆ. ನಾನು 3ಡಿ ಚಿತ್ರ ನೋಡುತ್ತಾ ಅಕ್ಕಪಕ್ಕದ ಮನೆಗಳನ್ನು ಕೈಯಿಂದಲೇ ಇಳಿಜಾರಾಗಿಸುತ್ತೇನೆ, ಸಾಫ್ಟ್‌ವೇರಿನ ಸ್ಮೂತ್ ಗುಂಡಿ ಒತ್ತುವುದಿಲ್ಲ. ಅದು ಟಾರ್ಕ್ ಶಿಖರವನ್ನೂ ಸವರಿ ಹಾಕುತ್ತದೆ. ಕೆಳ ಆರ್‌ಪಿಎಂ, ಮೇಲಿನ ಆರ್‌ಪಿಎಂಗೆ ಎರಡು ಬೇರೆ ಟೇಬಲ್ ಇವೆ, ಅವು ಕೂಡುವ ಕಡೆ ಸಂಖ್ಯೆಗಳು ಹೊಂದಬೇಕು. ಹೊಸ ಚಿಪ್ ಹಾಕಿದಾಗಲೆಲ್ಲ ಬ್ಯಾಟರಿ ತಂತಿ ಬಿಚ್ಚಿ ಬಿಎಲ್‌ಎಂ 128ಕ್ಕೆ ತನ್ನಿ, ಇಲ್ಲದಿದ್ದರೆ ಹಳೆಯ ಕಲಿಕೆ ಹೊಸ ಟೇಬಲ್ ಮೇಲೆ ಕೂರುತ್ತದೆ. ಮೂರು ನಾಲ್ಕು ಸುತ್ತಿನಲ್ಲಿ ಎಥನಾಲಿನ ಪಾಲು ಬಿಟ್ಟು ಆಚೀಚೆ 3-4 ಅಂಕದೊಳಗೆ ಬಂದರೆ ಸಾಕು.

ದೊಡ್ಡ ಕ್ಯಾಮ್ ಇದ್ದಾಗ ಐಡಲ್ ಬೇರೆಯದೇ ಕಥೆ. ವಾಲ್ವ್ ಓವರ್‌ಲ್ಯಾಪ್‌ನಿಂದ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವುದರಿಂದ) ಉರಿಯದ ಗಾಳಿ ಸೀದಾ ಎಕ್ಸಾಸ್ಟಿಗೆ ಹೋಗುತ್ತದೆ, ಸೆನ್ಸರ್ ಸುಳ್ಳೇ ಲೀನ್ ಅನ್ನುತ್ತದೆ. ಐಡಲ್ ಮನೆಗಳಲ್ಲಿ ಬಿಎಲ್‌ಎಂ ನಂಬದೆ, ಐಡಲ್ ಅತಿ ನಿಶ್ಚಲವಾಗಿ ನಿಲ್ಲುವ, ವ್ಯಾಕ್ಯೂಮ್ ಅತಿ ಹೆಚ್ಚು ಬರುವ ಸಂಖ್ಯೆ ಇಟ್ಟೆ. ಹೆಡರ್ ಇದ್ದರೆ ಒಂದೇ ತಂತಿಯ ಸೆನ್ಸರ್ ಐಡಲ್‌ನಲ್ಲಿ ತಣ್ಣಗಾಗಿ ಮಂಕಾಗುತ್ತದೆ. ಹೀಟರ್ ಇರುವ ಮೂರು ತಂತಿಯದ್ದು ಹಾಕಿ.

ಫುಲ್ ಥ್ರಾಟಲ್‌ನಲ್ಲಿ ಬಿಎಲ್‌ಎಂ ನೋಡಿ ಪ್ರಯೋಜನವಿಲ್ಲ, ಪವರ್ ಎನ್ರಿಚ್‌ಮೆಂಟ್ (ಹೆಚ್ಚು ಪೆಟ್ರೋಲ್ ಕೊಡುವುದು) ಶುರುವಾಗಿ ಲೂಪ್ ತೆರೆದಿರುತ್ತದೆ, ಅಂದರೆ ಇಸಿಎಂ ಆಕ್ಸಿಜನ್ ಸೆನ್ಸರ್ ನೋಡಿ ತಿದ್ದುವುದಿಲ್ಲ. ಅಲ್ಲಿ ವೈಡ್‌ಬ್ಯಾಂಡ್ (ಅನುಪಾತವನ್ನು ಸಂಖ್ಯೆಯಲ್ಲೇ ಹೇಳುವ ಆಕ್ಸಿಜನ್ ಸೆನ್ಸರ್) ಬೇಕೇಬೇಕು. ನೀರು ನಿಲ್ಲದಂತೆ ಅದನ್ನು ಅಡ್ಡಕ್ಕಿಂತ 10 ಡಿಗ್ರಿಯಾದರೂ ಮೇಲಕ್ಕೆ ವಾಲಿಸಿ ಕೂರಿಸಿ. ನಾನು ಲ್ಯಾಂಬ್ಡಾದಲ್ಲೇ, ಅಂದರೆ ಸರಿಯಾದ ಅನುಪಾತದಿಂದ ಭಾಗಿಸಿದ ಸಂಖ್ಯೆಯಲ್ಲೇ, ಓದುತ್ತೇನೆ. ಇಸಿಎಂ 12.6 ಕೇಳಿದರೆ ಅದು 0.857, ಗೇಜ್ 0.90 ತೋರಿಸಿದರೆ 100 ಕೆಪಿಎ ಸಾಲಿನ ಆ ಮನೆ 5 ಪರ್ಸೆಂಟ್ ಏರಬೇಕು. ನಾಕ್ ಎಣಿಕೆ ಏರುತ್ತಿದ್ದರೆ ಅಲ್ಲಿಗೇ ಕಾಲು ತೆಗೆಯಿರಿ. ಈ ಎಂಜಿನ್ನಿನ ಗಂಟೆಗೆ 22 ಪೌಂಡ್ ಹರಿಸುವ ಇಂಜೆಕ್ಟರುಗಳು 85 ಪರ್ಸೆಂಟ್ ಡ್ಯೂಟಿಯಲ್ಲಿ (ತೆರೆದಿರುವ ಸಮಯದ ಪಾಲಿನಲ್ಲಿ) ಸುಮಾರು 300 ಎಚ್‌ಪಿವರೆಗೆ ಸಾಕು. ಅದನ್ನು ಮೀರಿ ಟೇಬಲ್ ಏರಿಸಿದರೂ ಪೆಟ್ರೋಲ್ ಬಾರದು.

ಇಷ್ಟಾದ ಮೇಲೆಯೇ ಆಕ್ಸಿಲರೇಷನ್ ಎನ್ರಿಚ್‌ಮೆಂಟ್ (ದಿಢೀರನೆ ಕಾಲು ಒತ್ತಿದಾಗ ಸೇರಿಸುವ ಹೆಚ್ಚುವರಿ ಪೆಟ್ರೋಲ್) ಮುಟ್ಟುವುದು. ಕಾಲು ಒತ್ತಿದಾಗ ಎಂಜಿನ್ ಮುಗ್ಗರಿಸಿ, ವೈಡ್‌ಬ್ಯಾಂಡ್ ಆ ಕ್ಷಣ ಲೀನ್ ತೋರಿಸಿದರೆ ಒಂದು ಹೆಜ್ಜೆ ಏರಿಸಿ; ಕಪ್ಪು ಹೊಗೆ ಬಂದರೆ ಇಳಿಸಿ. ರಾತ್ರಿಯಿಡೀ ತಣ್ಣಗಾದ ಎಂಜಿನ್ನನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡಿದ ಬಳಿಕ ಆ ಫೈಲಿಗೆ ತಾರೀಕು ಹಾಕಿ ಬೇರೆಯಾಗಿ ಎತ್ತಿಡುತ್ತೇನೆ.